ನನಗೂ ಒಂದು ಫಾರ್ಮ್ ಸಿಕ್ಸ್‌ಟೀನ್ ಬೇಕಿತ್ತು

ಇಪ್ಪತ್ತಾರು ವರ್ಷ ಇನ್ನೊಬ್ಬರ ಟಿಫಿನ್ ಡಬ್ಬಿ ತುಂಬಿಸಿದ ಮೇಲೆ, ನನಗೂ ಒಂದು ಕೆಲಸ ಸಿಕ್ಕಿತು. ಸಾನಪಾಡಾದಲ್ಲಿ ಮಕ್ಕಳ ಇಂಗ್ಲಿಷ್ ವರ್ಕ್‌ಬುಕ್ ತಯಾರಿಸುವ ಕಂಪನಿ. ಅವರು ಪುಟಗಳನ್ನು ಮೇಲ್‌ನಲ್ಲಿ ಕಳಿಸುತ್ತಾರೆ, ನಾನು ಪ್ರಿಂಟ್ ತೆಗೆದು, ಡೊಂಬಿವಲಿಯ ನಮ್ಮ ಊಟದ ಮೇಜಿನ ಮೇಲೆ ಹರಡಿಕೊಂಡು ತಪ್ಪು ಹುಡುಕುತ್ತೇನೆ. ಕಾನ್ವೆಂಟಿನಲ್ಲಿ ಒಂದು ಕಾಮಾ ತಪ್ಪಿದರೆ ಸ್ಕೇಲಿನಿಂದ ಬೆರಳ ಗಂಟಿಗೆ ಕೊಡುತ್ತಿದ್ದ ಸಿಸ್ಟರ್ ಆಗ್ನೆಸ್ ದಯದಿಂದ, ಕಂಪನಿಯ ಪರೀಕ್ಷೆಯಲ್ಲಿ ಒಂದೇ ಏಟಿಗೆ ಪಾಸಾದೆ.

ಅದೇ ದಿನ ಬಿಲ್ಡಿಂಗಿನ ಹದಿನಾರೂ ಮನೆಗೆ ಪೇಢೆ ಹಂಚಿದೆ. ಎದುರು ಮನೆಯ ಸಾವಿತ್ರಕ್ಕ ವಿಜಯಪುರದವರು. ಎರಡು ಪೇಢೆ ಎತ್ತಿಕೊಂಡು ಕೇಳಿದರು:

"ನೌಕರಿ ಹತ್ತಿತೇನ್ರೀ ಅಕ್ಕಾರ? ಭಾಳ ಚಲೋ ಆತು! ಪೆನ್ಷನ್ ಐತೇನು?"

"ವಿಚಾರಿಸಬೇಕು," ಎಂದೆ, ನೌಕರಿಯವಳ ಗಾಂಭೀರ್ಯದಲ್ಲಿ.

ತಿಂಗಳಿಗೆ ಹದಿನೆಂಟು ಸಾವಿರ ಎಂದಿದ್ದರು. ಬಂದದ್ದು ಹದಿನಾರು ಸಾವಿರದ ಇನ್ನೂರು. ನನ್ನ ಗಂಡ ರಘುರಾಮ ಐರೋಲಿಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿದವರು. ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು:

"ಟ್ಯಾಕ್ಸ್ ಕಡಿದಿದ್ದಾರೆ ಮಾರಾಯ್ತಿ. ನಿಂಗೆ ಬರುವ ದುಡ್ಡಿಗೆ ಟ್ಯಾಕ್ಸೇ ಬೀಳುದಿಲ್ಲ. ವರ್ಷದ ಕೊನೆಗೆ ರಿಟರ್ನ್ ತುಂಬಿದ್ರೆ ಎಲ್ಲ ವಾಪಸ್ ಬರ್ತದೆ."

ಆ ಕ್ಷಣವೇ ನಿಶ್ಚಯಿಸಿದೆ. ತಿಂಗಳಿಗೆ ಸಾವಿರದ ಎಂಟುನೂರರಂತೆ ವರ್ಷಕ್ಕೆ ವಾಪಸ್ ಬರುವ ಇಪ್ಪತ್ತೊಂದು ಸಾವಿರ ಚಿಲ್ಲರೆಯಲ್ಲಿ ನನ್ನದೇ ಒಂದು ಬರೆಯುವ ಮೇಜು! ಯಾಕೆಂದರೆ ಊಟದ ಮೇಜಿನ ಕಚೇರಿ ದಿನಕ್ಕೆ ಮೂರು ಸಲ ಖಾಲಿಯಾಗಬೇಕು. ಒಮ್ಮೆ ಮೂರನೇ ಕ್ಲಾಸಿನ ವ್ಯಾಕರಣದ ಮೇಲೆ ಬಿದ್ದ ಸಾರಿನ ಕರಿಬೇವಿನ ಎಸಳಿಗೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೂ ಉಂಟು. ಉಲ್ಹಾಸನಗರದ ಫರ್ನಿಚರ್ ಬಜಾರಿನಲ್ಲಿ ಮೇಜನ್ನು ನೋಡಿಯೂ ಬಂದೆ. ಮೂರು ಡ್ರಾವರು, ಹಿತ್ತಾಳೆಯ ಪುಟ್ಟ ಹಿಡಿ, ಒಂದು ಡ್ರಾವರಿಗೆ ಬೀಗ. ಆ ಬೀಗಕ್ಕೇ ನಾನು ಮನಸೋತದ್ದು.

ಅಲ್ಲಿಯವರೆಗೆ ಆದರ್ಶ ಉದ್ಯೋಗಿಯಾಗಿ ನಡೆದುಕೊಂಡೆ. ಜ್ವರ ಬಂದಾಗ ಕಂಪನಿಯ ನೇಹಾಗೆ, 'ಗೌರವಾನ್ವಿತ ಮೇಡಂ, ನಾನು ಜ್ವರದಿಂದ ಬಳಲುತ್ತಿರುವುದರಿಂದ ಎರಡು ದಿನದ ರಜೆ ದಯಪಾಲಿಸಬೇಕಾಗಿ ವಿನಂತಿ' ಎಂದು ಶುದ್ಧ ಇಂಗ್ಲಿಷಿನಲ್ಲಿ ಅರ್ಜಿ ಹಾಕಿದೆ. ಉತ್ತರವಾಗಿ ಎತ್ತಿದ ಹೆಬ್ಬೆರಳಿನ ಒಂದು ಚಿತ್ರ ಬಂತು. ದೀಪಾವಳಿಗೆ ಬೋನಸ್ಸಿನ ಬಗ್ಗೆ ನಯವಾಗಿ ವಿಚಾರಿಸಿದೆ. ಉರಿಯುವ ಹಣತೆಯ ಚಿತ್ರ ಬಂತು. ಬಹಳ ಕೆಲಸದ ಹುಡುಗಿ, ಪಾಪ, ಎಂದುಕೊಂಡೆ.

ಜೂನ್ ಬಂತು. ಪ್ರತಿ ಜೂನ್‌ನಲ್ಲಿ ನಮ್ಮ ಮನೆಗೆ ಇವರ ಫಾರ್ಮ್ ಸಿಕ್ಸ್‌ಟೀನ್ ಆಗಮಿಸುತ್ತದೆ. ಕಂಪನಿ ಇಷ್ಟು ಸಂಬಳ ಕೊಟ್ಟಿತು, ಇಷ್ಟು ತೆರಿಗೆ ಕಡಿಯಿತು ಎಂಬ ಪ್ರಮಾಣಪತ್ರ. ಇವರು ಅದನ್ನು ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ ದೇವರ ಕಪಾಟಿನಲ್ಲಿ ಇಡುತ್ತಾರೆ. ಈ ಸಲ ನಾನೂ ಒಂದು ಹೊಸ ಫೋಲ್ಡರ್ ತಂದೆ. ಗುಲಾಬಿ ಬಣ್ಣದ್ದು. ಫಾರ್ಮ್ ಸಿಕ್ಸ್‌ಟೀನ್, ಪ್ರಾವಿಡೆಂಟ್ ಫಂಡಿನ ನಂಬರು, ಉಳಿದ ರಜೆಗಳ ವಿವರ ಮೂರನ್ನೂ ಕೋರಿ ಪತ್ರ ಬರೆದೆ. ಈ ಸಲ ಹೆಬ್ಬೆರಳು ಬರಲಿಲ್ಲ, ಫೋನೇ ಬಂತು.

"ಮ್ಯಾಮ್," ನೇಹಾ ಮೆಲ್ಲಗೆ ಅಂದಳು, "ಆಪ್ ಹಮಾರೀ ಎಂಪ್ಲಾಯೀ ಹೀ ನಹೀ ಹೈ."

ನಾನು ಅವರ ಉದ್ಯೋಗಿಯೇ ಅಲ್ಲವಂತೆ! ನನ್ನ ಕಣ್ಣ ಮುಂದೆ ಹದಿನಾರು ಮನೆಯ ಪೇಢೆ ಹಾದುಹೋಯಿತು.

"ಹಾಗಾದರೆ ನಾನು ಯಾರಮ್ಮ?"

"ಇಂಡಿಪೆಂಡೆಂಟ್ ಕಾಂಟ್ರಾಕ್ಟರ್, ಮ್ಯಾಮ್!"

ಕಾಂಟ್ರಾಕ್ಟರ್! ನಮ್ಮ ಡೊಂಬಿವಲಿಯಲ್ಲಿ ಕಾಂಟ್ರಾಕ್ಟರ್ ಎಂದರೆ ಅರ್ಧ ರಸ್ತೆ ಅಗೆದು ಊರಿಗೆ ಹೋಗುವವನು. ಇಂಥವರ ಸಾಲಿಗೆ ನಾನು!

ನೇಹಾ ಫಾರ್ಮ್ ಸಿಕ್ಸ್‌ಟೀನ್ ಎ ಎಂಬುದನ್ನು ಕಳಿಸಿದಳು. ಸಂಬಳವಲ್ಲದ ದುಡ್ಡಿಗೆ ಕಡಿದ ತೆರಿಗೆಯ ಪತ್ರ ಅದು. ಆದರೆ ನನಗೆ ಕಂಡದ್ದು 'ಎ' ಮಾತ್ರ. ನಮ್ಮ ಶಾಲೆಯಲ್ಲಿ ಎ ಎಂದರೆ ಉಳಿದವರಿಗಿಂತ ಮೇಲು. ಗುಲಾಬಿ ಫೋಲ್ಡರಿಗೆ ಹಾಕಿ, ಇವರದರ ಮೇಲೆಯೇ ಇಟ್ಟೆ.

ರಿಟರ್ನ್ ತುಂಬಲು ಭಾನುವಾರ ಇಬ್ಬರೂ ಕುಳಿತೆವು.

"ಒಂದನೇ ನಂಬರಿನ ಫಾರ್ಮು ತೆಗಿ," ಅಂದರು. "ಮೂವತ್ತು ವರ್ಷದಿಂದ ನಾನು ಅದನ್ನೇ ತುಂಬುದು."

"ಅದು ಸಂಬಳದವರಿಗಲ್ಲವಾ? ನಾನು ಕಾಂಟ್ರಾಕ್ಟರು."

"ದುಡ್ಡು ತಿಂಗಳು ತಿಂಗಳು ಬರ್ತದಾ? ಬರ್ತದೆ. ಮತ್ತೆ ಸಂಬಳ ಅಲ್ಲದೆ ಎಂತ, ದಕ್ಷಿಣೆಯಾ?"

ತುಂಬಿದೆ. ಸಂಬಳದ ಕಾಲಮ್ಮಿನಲ್ಲೇ ತುಂಬಿದೆ! ಸಂಬಳದವರಿಗೆ ಬಿಲ್ಲು, ರಸೀದಿ ಏನೂ ಕೇಳದೆ ಬಿಟ್ಟುಕೊಡುವ ಒಂದು ದೊಡ್ಡ ಮೊತ್ತವಿದೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ. ಅದನ್ನೂ ಕೈಬೀಸಿ ಕಳೆದೆ. ಮೂರು ಸಲ ಓದಿದೆ, ಒಂದೇ ಒಂದು ಸ್ಪೆಲ್ಲಿಂಗ್ ತಪ್ಪಿರಲಿಲ್ಲ. ಉಲ್ಹಾಸನಗರಕ್ಕೆ ಫೋನ್ ಮಾಡಿ, "ಆ ಬೀಗದ ಮೇಜು ಯಾರಿಗೂ ಕೊಡಬೇಡಿ," ಎಂದೆ.

ತಿಂಗಳೊಳಗೆ ತೆರಿಗೆ ಇಲಾಖೆಯ ಮೇಲ್ ಬಂತು. ನಿಮ್ಮ ರಿಟರ್ನ್ ದೋಷಪೂರ್ಣವಾಗಿದೆ. ಹದಿನೈದು ದಿನಗಳಲ್ಲಿ ಸರಿಪಡಿಸದಿದ್ದರೆ ಸಲ್ಲಿಸಿಯೇ ಇಲ್ಲವೆಂದು ಪರಿಗಣಿಸಬಹುದು.

ದೋಷಪೂರ್ಣ! ತಪ್ಪು ಹುಡುಕುವುದೇ ಕಸುಬಾದವಳಿಗೆ! ಬೆರಳ ಗಂಟುಗಳು ತಾವಾಗಿ ನೋಯತೊಡಗಿದವು. ಮೇಜೂ, ಅದರ ಬೀಗವೂ ಕಣ್ಣೆದುರೇ ಮಸುಕಾದವು.

"ಸಿಎ ಹತ್ರ ಹೋಗುವ ಅಂತ ನಾನು ಮೊದಲೇ ಹೇಳಿದ್ದೆ," ಅಂದರು ಇವರು. ಹೇಳಿರಲಿಲ್ಲ.

ಸ್ಟೇಷನ್ ಹತ್ತಿರದ ಸಿಎ ಗೌರಿ ಸಾಠೆಗೆ ನನ್ನ ಮಗಳ ವಯಸ್ಸು. ನನ್ನ ರಿಟರ್ನ್ ನೋಡಿ ಕನ್ನಡಕ ತೆಗೆದು ಒರೆಸಿದಳು.

"ಅಹೋ ಕಾಕೂ," ಅಂದಳು ಮರಾಠಿಯಲ್ಲಿ, ನನ್ನನ್ನು ಚಿಕ್ಕಮ್ಮನನ್ನಾಗಿ, ಇವರನ್ನು ಚಿಕ್ಕಪ್ಪನನ್ನಾಗಿ ಮಾಡಿಕೊಂಡು, "ಕಾಕಾಂದು ಸಂಬಳ, ನಿಮ್ಮದು ಧಂಧಾ, ಸ್ವಂತ ವ್ಯವಹಾರ. ನಿಮಗೆ ಈ ಫಾರ್ಮೂ ಇಲ್ಲ, ಸಂಬಳದವರ ಡಿಡಕ್ಷನ್ನೂ ಇಲ್ಲ. ಆದರೆ ಕೆಲಸಕ್ಕಾಗಿ ಮಾಡಿದ ಖರ್ಚನ್ನು ಕಳೆಯಬಹುದು. ಬಿಲ್ಲು ತನ್ನಿ."

ಖರ್ಚು ಕಳೆಯಬಹುದಂತೆ! ಮೊದಲೇ ಯಾಕೆ ಯಾರೂ ಹೇಳಲಿಲ್ಲ? ಎರಡು ದಿನ ಮನೆ ಜಾಲಾಡಿ, ಮೀನು ತರುವ ಚೀಲದ ತುಂಬ ಬಿಲ್ಲು ಒಯ್ದೆ. ಗೌರಿ ಒಂದೊಂದಾಗಿ ಎತ್ತಿದಳು.

"ಇಂಟರ್ನೆಟ್. ಅರ್ಧ ಹಿಡಿಯೋಣ, ಅರ್ಧ ಕಾಕಾ ಕ್ರಿಕೆಟ್ ನೋಡ್ತಾರೆ. ಕೆಂಪು ಪೆನ್ನು, ಪ್ರಿಂಟರ್ ಶಾಯಿ, ಠೀಕ್. ಇದು... ಗ್ರೈಂಡರ್ ರಿಪೇರಿ?"

"ಅದು ಕೆಟ್ಟಾಗ ಕೆಲಸಕ್ಕೆ ತೊಂದರೆ ಆಗಿತ್ತಮ್ಮ."

"ಎರಡು ಕಿಲೋ ಪೇಢೆ?"

"ಸಿಬ್ಬಂದಿ ಕಲ್ಯಾಣ."

"ಸಿಬ್ಬಂದಿ ಎಷ್ಟು ಜನ, ಕಾಕೂ?"

"ಒಬ್ಬಳು."

ಗೌರಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಆಮೇಲೆ ಸರಿಯಾದ ಫಾರ್ಮು ತುಂಬಿ, ಹದಿಮೂರನೇ ದಿನ ಕಳಿಸಿದಳು. ಪೇಢೆಯ ಬಿಲ್ಲನ್ನು ಮಾತ್ರ ಆಫೀಸಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ಕಡಿದ ತೆರಿಗೆ ಪೂರ್ತಿ ವಾಪಸ್ ಬಂತು. ಗೌರಿಯ ಫೀ ಕೊಟ್ಟು, ಉಳಿದದ್ದರಲ್ಲಿ ಚೌಕಾಸಿ ಮಾಡಿ ಮೇಜು ತಂದೆ. ಟೆಂಪೋದಿಂದ ಇಳಿಸುವಾಗ ಸಾವಿತ್ರಕ್ಕ ಬಾಲ್ಕನಿಯಿಂದ ಕೂಗಿದರು:

"ಅಕ್ಕಾರ, ಕಂಪನಿಯವರು ಕೊಟ್ರೇನ್ರೀ?"

"ಹೌದು," ಎಂದೆ. ಕಂಪನಿ ಎಂದರೆ ಈಗ ನಾನೇ ತಾನೆ!

ಮೇಜಿನ ಮೇಲೆ ಇವರ ಇಸ್ತ್ರಿ ಬಟ್ಟೆ ಬಂದು ಕೂತದ್ದು ಮೂರನೇ ದಿನ. ಬೀಗದ ಡ್ರಾವರಿನಲ್ಲಿ ಮಾತ್ರ ಗುಲಾಬಿ ಫೋಲ್ಡರೊಂದೇ ಇದೆ.

ಕಳೆದ ವಾರ ಮತ್ತೆ ಜ್ವರ ಬಂತು. ಮೇಜಿನ ಮುಂದೆ ಕುಳಿತು ಹಳೆಯ ರೂಢಿಯಂತೆ 'ಗೌರವಾನ್ವಿತ ಮೇಡಂ' ಎಂದು ಎರಡು ದಿನದ ರಜಾ ಅರ್ಜಿ ಬರೆದೆ. ಬರೆದ ಮೇಲೆ ನೆನಪಾಯಿತು: ಇದು ನನಗೇ ಬರಬೇಕಾದ ಅರ್ಜಿ! ಸರಿ, ಮಾಲಕಿಯಾಗಿ ಕೈಗೆತ್ತಿಕೊಂಡು ಓದಿದೆ. ಎರಡನೇ ಸಾಲಿನಲ್ಲಿ ಒಂದು ಕಾಮಾ ಬಿಟ್ಟುಹೋಗಿತ್ತು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ದೋಷಪೂರ್ಣವೆಂದು ಷರಾ ಬರೆದು ವಾಪಸ್ ಮಾಡಿದೆ.

ಮತ್ತೆ ಇಸ್ತ್ರಿ ಬಟ್ಟೆ ಪಕ್ಕಕ್ಕೆ ಸರಿಸಿ, ಮಾತ್ರೆ ನುಂಗಿ, ಕೆಲಸಕ್ಕೆ ಕುಳಿತೆ!