ಎಣ್ಣೆಗಾಯಿಗೆ ಆಮದು ಸುಂಕ

ಮನಗೂಳಿಯ ರೇವಣಪ್ಪ ಹದಿನೆಂಟು ವರ್ಷದಿಂದ ಸಿಂದಗಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ. ಅಷ್ಟು ವರ್ಷಗಳಲ್ಲಿ ಆಕಳಿಸದೆ ಅವನ ಪಾಠ ಕೇಳಿದವಳು ಒಬ್ಬಳೇ, ಹೆಂಡತಿ ಇಂದ್ರಾಬಾಯಿ. ಅದೂ ಈ ಭಾನುವಾರ ಬೆಳಿಗ್ಗೆ, ಚಹಾ ಕುಡಿಯುವಾಗ. ಕೆಟ್ಟದ್ದು ಅಲ್ಲೇ.

ಪಕ್ಕದ ಮನೆಯ ಚನ್ನವ್ವ ಭಾನುವಾರಕ್ಕೊಮ್ಮೆ ಕಂಪೌಂಡಿನ ಮೇಲಿಂದ ಒಂದು ಬಟ್ಟಲು ಬದನೆಕಾಯಿ ಎಣ್ಣೆಗಾಯಿ ಕೊಡುವುದು ರೂಢಿ. ಹೋದ ವಾರ ರೇವಣಪ್ಪ ಅದನ್ನು ತಿಂದು, ಐದೂ ಬೆರಳು ನೆಕ್ಕಿ, ಹೆಂಡತಿಯ ಕಾಳುಪಲ್ಯವನ್ನು ತಾಟಿನ ಅಂಚಿಗೆ ಸರಿಸಿದ್ದ. ಇವತ್ತೂ ಎದ್ದಾಗಿನಿಂದ ಅವನ ಜೀವವೆಲ್ಲ ಆ ಬಟ್ಟಲಿನ ಮೇಲೆ. ಅದು ಬರುವ ತನಕ ಹೊತ್ತು ಹೋಗಲೆಂದು, ಚನ್ನವ್ವನ ಮನೆಯಿಂದಲೇ ತಂದ ಪೇಪರನ್ನು ಗಟ್ಟಿಯಾಗಿ ಓದಿದ. ಹೊರದೇಶದ ಮಾಲಿನ ಮೇಲೆ ಸುಂಕ ಏರಿದೆಯಂತೆ.

“ಸುಂಕ ಯಾಕ ಹಾಕ್ತಾರ್ರಿ?” ಎಂದು ಇಂದ್ರಾಬಾಯಿ ಕೇಳಿದಳು.

ರೇವಣಪ್ಪನಿಗೆ ಹುರುಪು ಬಂತು. “ಹೊರಗಿನ ಮಾಲಿನ ರುಚಿ ಹತ್ತಿದ್ರ ಮನ್ಯಾಗಿನ ಮಾಲು ಯಾರೂ ಕೇಳೂದಿಲ್ಲ. ಹಂಗಾಗಬಾರದು ಅಂತ ಹೊರಗಿಂದಕ್ಕ ಅಡ್ಡ ಹಾಕಬೇಕಾಗ್ತೈತಿ.”

ಇಂದ್ರಾಬಾಯಿ ತಲೆಯಾಡಿಸಿ ಒಳಗೆ ಹೋದಳು.

ಹನ್ನೆರಡಕ್ಕೆ ಬಟ್ಟಲು ಬಂತು. ನಾಲ್ಕು ಬದನೆಕಾಯಿ. ಮೂರನ್ನು ಇಂದ್ರಾಬಾಯಿ ಸುಂಕವೆಂದು ನಿಂತಲ್ಲೇ ತಿಂದಳು. ನಾಲ್ಕನೆಯದನ್ನು ದಂಡವೆಂದು ತಿಂದಳು. ತೊಳೆದ ಬಟ್ಟಲನ್ನು ಖಾಲಿಯಾಗಿಯೇ ಗೋಡೆಯಾಚೆ ಚಾಚಿದಳು. ಆ ಓಣಿಯಲ್ಲಿ ಪಾತ್ರೆ ಬರಿದಾಗಿ ತಿರುಗಿದ್ದಿಲ್ಲ. ಏನಿಲ್ಲವೆಂದರೂ ಒಂದು ಹಿಡಿ ಶೇಂಗಾ ಇರಬೇಕು. ಚನ್ನವ್ವ ಬರಿ ಬಟ್ಟಲನ್ನು ವಕೀಲರ ನೋಟಿಸಿನಂತೆ ಹಿಡಿದುಕೊಂಡಳು.

“ನಮ್ಮಲ್ಲಿ ಸುಂಕ ಚಾಲೂ ಆಗೇತ್ರಿ ಅಕ್ಕಾರ. ಮಾಸ್ತರು ಹೇಳ್ಯಾರ,” ಎಂದಳು ಇಂದ್ರಾಬಾಯಿ.

ಚನ್ನವ್ವ ಸುಮ್ಮನಿರುವ ಪೈಕಿ ಅಲ್ಲ. ಮೊದಲು ಅವಳ ಮನೆಯಿಂದ ಬರುತ್ತಿದ್ದ ಮೊಸರಿನ ಹೆಪ್ಪು ನಿಂತಿತು. ಆಮೇಲೆ ಅವಳ ಗಂಡ ರಾಚಪ್ಪ ಬಂದು, ರೇವಣಪ್ಪ ಓದುತ್ತಿದ್ದ ಸಾಲು ಮುಗಿಯುವ ಮೊದಲೇ ಪೇಪರು ಎಳೆದುಕೊಂಡ. ನಾಳೆಯಿಂದ ಬಸ್‌ ಸ್ಟ್ಯಾಂಡಿಗೆ ಬೈಕಿನ ಹಿಂದೆ ಜಾಗವಿಲ್ಲ, ಮೇಲಿನವರ ಹುಕುಂ ಎಂದು ಮುಖ ತಿರುಗಿಸಿಯೇ ಹೇಳಿ ಹೋದ.

ರೇವಣಪ್ಪ ಕಳ್ಳದಾರಿ ಹಿಡಿದ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಜನ್ನತಬಿಯ ಕೈಕಾಲು ಹಿಡಿದು, ಚನ್ನವ್ವನ ಎಣ್ಣೆಗಾಯಿಯನ್ನು ಅವಳ ಡಬ್ಬಿಯಲ್ಲಿ, ಅವಳೇ ಮಾಡಿದ್ದೆಂದು ತರಿಸಿದ. ಇಂದ್ರಾಬಾಯಿ ಮುಚ್ಚಳ ತೆಗೆದು ಮೂಸಿದಳು.

“ಜನ್ನತಬಿ, ನೀವು ಗುರೆಳ್ಳು ಹಾಕಂಗಿಲ್ಲ. ಇದು ಗ್ವಾಡಿ ಆಚಿ ಮಾಲು.”

ಡಬ್ಬಿ ಜಪ್ತಿಯಾಯಿತು. ಜನ್ನತಬಿಗೆ ರೇಗಿತು. ಇಂದ್ರಾಬಾಯಿ, ಚನ್ನವ್ವ ಇಬ್ಬರನ್ನೂ ತನ್ನ ಮನೆಗೆ ಕರೆದು ಕೂಡಿಸಿ ಬಾಗಿಲು ಹಾಕಿಕೊಂಡಳು. ರೇವಣಪ್ಪ ಹಸಿದ ಹೊಟ್ಟೆಯಲ್ಲಿ ಕಿಟಕಿಗೆ ಕಿವಿ ಹಚ್ಚಿದ. ಒಳಗಿಂದ ಮೊದಲು ಬೈಗುಳ, ನಂತರ ಪಿಸುಮಾತು, ಕೊನೆಗೆ ನಗು.

ಮೂರಕ್ಕೆ ಒಪ್ಪಂದ ಹೊರಬಿತ್ತು. ಸುಂಕವಿಲ್ಲ, ಅಡ್ಡಿಯಿಲ್ಲ. ಚನ್ನವ್ವನ ರೊಟ್ಟಿ ಪ್ರತಿ ಸಲ ಬೇರೆ ಬೇರೆ ದೇಶದ ನಕಾಶೆಯ ಹಾಗೆ ಬರುವುದರಿಂದ ರೊಟ್ಟಿ ಇಂದ್ರಾಬಾಯಿಯದು, ಪಲ್ಯ ಚನ್ನವ್ವನದು. ಇದನ್ನೇ ತಾನು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಎಂದು ರೇವಣಪ್ಪನ ಎದೆ ಉಬ್ಬಿತು. ಐದರ ಹೊತ್ತಿಗೆ ಅರವತ್ತು ರೊಟ್ಟಿ, ಒಂದು ದೊಡ್ಡ ಬೋಗುಣಿ ಎಣ್ಣೆಗಾಯಿ ತಯಾರಾದವು. ಎರಡು ಮನೆಗೆ ಇಷ್ಟೇಕೆ ಎಂದು ಕೇಳುವಷ್ಟು ವ್ಯವಧಾನ ಅವನಿಗಿರಲಿಲ್ಲ. ಅವನು ತಾಟು ಹಿಡಿದು ಕೂತ. ಗೋಡೆಯಾಚೆ ರಾಚಪ್ಪನೂ ತಾಟು ಹಿಡಿದಿದ್ದ.

ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂತು. ಜನ್ನತಬಿಯ ಅಣ್ಣ ಬಂದೇನವಾಜ ಬಸವನ ಬಾಗೇವಾಡಿಯಲ್ಲಿ ಖಾನಾವಳಿ ಇಟ್ಟವನು. ಒಪ್ಪಂದದ ಮಾಲಿಗೆ ಗಿರಾಕಿ ಅವನೇ, ಆಟೋ ಕಳಿಸಿದವನೂ ಅವನೇ. ರೊಟ್ಟಿ ಗಂಟಾಗಿ ಆಟೋ ಏರಿತು. ಹಿಂದೆಯೇ ಬೋಗುಣಿ, ಅದರ ಹಿಂದೆ ಮೂವರು ಹೆಂಗಸರು.

ರೇವಣಪ್ಪ ತಾಟು ಹಿಡಿದೇ ಓಡಿದ. “ಇದು ತಪ್ಪು. ಮನ್ಯಾಗ ಕೊರತಿ ಇದ್ದಾಗ ಸರ್ಕಾರ ರಫ್ತು ಬಂದ್ ಮಾಡ್ತೈತಿ.”

ಇಂದ್ರಾಬಾಯಿ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

“ಸರ್ಕಾರ ಬದಲಾಗೇತ್ರಿ,” ಎಂದಳು. “ನಿನ್ನಿ ಅನ್ನ ಐತಿ. ರಾಚಪ್ಪ ಅಣ್ಣಾರಿಗೂ ಕೂಡಿಸಿ ಒಗ್ಗರಣಿ ಹಾಕ್ರಿ.”