ಮಾವನ ತಪಾಸಣೆಗೆ ಸಿಕ್ಕ ಬದುಕು

ನಮ್ಮ ಸೋದರಮಾವ ಒಪ್ಪದೆ ನಮ್ಮ ಬಳಗದಲ್ಲಿ ಒಂದು ತೆಂಗಿನಕಾಯಿಯೂ ಒಡೆಯುವುದಿಲ್ಲ. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಗಣಪತಿ ಹಬ್ಬದ ದಿನ ಪುರೋಹಿತರು ಮಂತ್ರ ನಿಲ್ಲಿಸಿ ಕಾಯುತ್ತಿರುತ್ತಾರೆ. ಮಾವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಿನಿಂದ ತಟ್ಟಿ, "ನೀರು ಕಮ್ಮಿ, ರಿಜೆಕ್ಟ್" ಎಂದು ಪಕ್ಕಕ್ಕಿಡುತ್ತಾರೆ.

ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮಾವ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವರು. ಬೇರೆಯವರು ಮಾಡಿದ್ದನ್ನು ಅಳೆದು, ತಪ್ಪು ಹುಡುಕಿ, ವಾಪಸ್ ಕಳಿಸುವುದಕ್ಕೇ ಸಂಬಳ ತೆಗೆದುಕೊಂಡವರು. ನಿವೃತ್ತಿಯಾದ ಮೇಲಾದರೂ ಬಿಟ್ಟರೆ? ಹುಟ್ಟುಗುಣ ಸುಟ್ಟರೂ ಹೋಗದು. ನನಗೆ ಹೆಣ್ಣು ನೋಡಲು ರಿಚರ್ಡ್ಸ್ ಟೌನಿಗೆ ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವರು ಬಾಗಿಲನ್ನು ನೋಡುತ್ತಿದ್ದರು. "ಬಾಗ್ಲು ಕಿರ್ ಅನ್ನುತ್ತೆ. ಎಣ್ಣೆ ಬಿಡೋರಿಲ್ಲದ ಮನೆ, ಯೋಚ್ನೆ ಮಾಡು" ಎಂದು ಅವರು ನನ್ನ ಕಿವಿಯಲ್ಲಿ ಹೇಳಿದ್ದು ಉಪ್ಪಿಟ್ಟು ತಂದ ಹುಡುಗಿಗೂ ಕೇಳಿಸಿತು. ಅವಳೇ ಈಗ ನನ್ನ ಹೆಂಡತಿ. ಮಾವ ಬರುತ್ತಾರೆ ಎಂದರೆ ಇವತ್ತಿಗೂ ಎಣ್ಣೆ ಬಟ್ಟಲು ಹಿಡಿದು ಮನೆಯ ಬಾಗಿಲುಗಳನ್ನೆಲ್ಲ ಸುತ್ತುತ್ತಾಳೆ.

ಇಂಥ ಮಾವನ ಕೈಗೆ ಈಚೆಗೆ ಬದುಕೇ ತಪಾಸಣೆಗೆ ಬಂದುಬಿಟ್ಟಿದೆ. ಇದಕ್ಕೆ ಕಾರಣ ಅವರ ಮಗಳು. ಇಂದಿರಾನಗರದ ಆಫೀಸೊಂದರಲ್ಲಿ ಚೆನ್ನಾಗಿಯೇ ಇದ್ದವಳು ಒಂದು ದಿನ ಕೆಲಸ ಬಿಟ್ಟು, ದೊಮ್ಮಲೂರಿನ ಮನೆಗೆ ಬಂದು ಕೋಣೆ ಸೇರಿದಳು. ಯಾಕೆ ಎಂದರೆ ಮಾತಿಲ್ಲ. ಅತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಹೋಗಿ ಬರುತ್ತಾಳೆ. ಊಟಕ್ಕೆ ಕರೆಯುತ್ತಾರೆ, ಅನ್ನವನ್ನು ತಟ್ಟೆಯಲ್ಲೇ ಆಚೀಚೆ ಮಾಡಿ ಏಳುತ್ತಾಳೆ. ಒಂದು ಭಾನುವಾರ ನಾನೂ ಊಟಕ್ಕೆ ಕೂತಿದ್ದೆ. ಅವಳು ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ಅಪ್ಪ, ಜನ ಯಾಕೆ ಬದುಕ್ತಾರೆ? ಹೇಗೆ ಬದುಕಿದ್ರೆ ಸರಿ?"

ಬೇರೆ ಅಪ್ಪಂದಿರಾಗಿದ್ದರೆ "ಮೊದ್ಲು ಊಟ ಮಾಡು" ಎನ್ನುತ್ತಿದ್ದರು. ಅಳೆಯದೆ ಸಹಿ ಹಾಕಿ ಗೊತ್ತಿಲ್ಲದ ನಮ್ಮ ಮಾವ ಕೈ ತೊಳೆದುಕೊಂಡು ಬಂದು, "ತಿಳ್ಕೊಂಡು ಹೇಳ್ತೀನಿ ಪುಟ್ಟಿ" ಎಂದರು.

ಮಾರನೆಯ ದಿನದಿಂದ ಹೊರಟರು ನೋಡಿ! ಸಿಕ್ಕವರನ್ನೆಲ್ಲ ಕೇಳುವುದು, ಸಿಕ್ಕ ಉತ್ತರವನ್ನು ತಮ್ಮ ಮೇಲೆ ಪ್ರಯೋಗ ಮಾಡುವುದು, ಪಾಸಾದರೆ ಮಾತ್ರ ಮಗಳಿಗೆ ತಲುಪಿಸುವುದು. ಹೆತ್ತ ಮಗಳಿಗೆ ಕಳಪೆ ಮಾಲು ಕೊಡಲಾದೀತೆ?

ಹಲಸೂರು ಕೆರೆಯ ಸುತ್ತ ವಾಕಿಂಗ್ ಮಾಡುವ ಮೇಷ್ಟರೊಬ್ಬರು, "ಈ ಕ್ಷಣದಲ್ಲಿ ಬದುಕಿ ಸಾರ್, ಹಿಂದು ಮುಂದು ಯೋಚಿಸಬೇಡಿ" ಎಂದರು. ಮಾವ ಅದನ್ನು ಹಾಗೇ ಮನೆಗೆ ತಂದರು. ಅತ್ತೆ ಕುಕ್ಕರಿನಲ್ಲಿ ಬೇಳೆ ಇಟ್ಟು, "ಮೂರು ಕೂಗಾದ್ಮೇಲೆ ಆರ್ಸಿ" ಎಂದು ಹೇಳಿ ಬಟ್ಟೆ ತರಲು ಮಹಡಿಗೆ ಹೋದರು. ಸೀದ ವಾಸನೆ ಮಹಡಿಯವರೆಗೆ ಬಂದಾಗ ಓಡಿ ಇಳಿದರು. ಮಾವ ಕುಕ್ಕರಿನ ಎದುರೇ ಕಣ್ಣು ಮುಚ್ಚಿ ನಿಂತಿದ್ದಾರೆ.

"ಒಂದೊಂದು ಕೂಗನ್ನೂ ಮನಸಿಟ್ಟು ಕೇಳ್ದೆ ಕಣೇ. ಎಷ್ಟಾಯ್ತು ಅಂತ ನೆನಪಿಟ್ಕೊಂಡ್ರೆ ಅದು ಹಿಂದಿನ ಯೋಚ್ನೆ ಆಗ್ಬಿಡುತ್ತಲ್ಲ?"

ಅತ್ತೆ ತೆಂಗಿನ ನಾರನ್ನು ಅವರ ಕೈಗಿಟ್ಟರು. "ತಗೊಳ್ಳಿ. ಉಜ್ಜೋದೂ ಈ ಕ್ಷಣದಲ್ಲೇ ಆಗ್ಲಿ."

ಆ ಉತ್ತರ ರಿಜೆಕ್ಟ್ ಆಯಿತು.

ಶಿವಾಜಿನಗರದಲ್ಲಿ ಗಡಿಯಾರದ ಅಂಗಡಿ ಇಟ್ಟಿರುವ ಹಳೆಯ ಗೆಳೆಯರನ್ನು ಕೇಳಿದರು. ಅವರು ಚಹಾ ತರಿಸಿ, "ಅರೆ ಭಾಯ್, ನಂದು ನಂದು ಅಂತೀವಲ್ಲ, ಎಲ್ಲಾ ತಕ್ಲೀಫ್ ಅಲ್ಲಿಂದಾನೇ. ಬಿಟ್ಬಿಡಿ" ಎಂದರು. ಮಾವ ಹಿಂತಿರುಗುವ ಬಸ್ಸಿನಲ್ಲಿಯೇ ಬಿಟ್ಟರು. ಕಂಡಕ್ಟರು ಸೀಟಿನ ಕೆಳಗೆ ಬಿದ್ದ ಛತ್ರಿ ಎತ್ತಿ, "ಯಾರ್ದ್ರೀ ಇದು?" ಎಂದು ಕೂಗಿದರೆ ಇವರು ಕೈಕಟ್ಟಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಒದ್ದೆ ಮುದ್ದೆಯಾಗಿ ಬಂದ ಗಂಡನಿಗೆ ಟವೆಲ್ಲು ಕೊಡುತ್ತಾ ಅತ್ತೆ ಹೇಳಿದ್ದಿಷ್ಟು: "ನಿಮ್ಮದು ಅನ್ನೋದನ್ನ ಬಿಟ್ರಿ, ಸಂತೋಷ. ಆ ಛತ್ರಿ ನಂದು."

ಮೂರನೆಯದು ಸತ್ಯ. ಸತ್ಯವನ್ನೇ ಹೇಳಿದರೆ ಬದುಕು ಹಗುರಾಗುತ್ತದೆ ಎಂದು ಯಾರು ಹೇಳಿದರೋ ತಿಳಿಯದು, ಸಿಕ್ಕರೆ ನಾನೇ ವಿಚಾರಿಸಿಕೊಳ್ಳಬೇಕೆಂದಿದ್ದೇನೆ. ಅದೇ ವಾರ ಕೆ.ಆರ್. ಪುರದಲ್ಲಿ ನೆಂಟರ ಗೃಹಪ್ರವೇಶ, ಮಾವನ ಜೊತೆ ನಾನೂ ಹೋಗಿದ್ದೆ. ಹೊಲವಿದ್ದ ಜಾಗದಲ್ಲೇ ಮೂರಂತಸ್ತು ಎಬ್ಬಿಸಿದ ಯಜಮಾನರು ರೇಷ್ಮೆ ಶಲ್ಯ ಹೊದ್ದು, "ಮನೆ ಹೆಂಗೈತೆ ಸ್ವಾಮಿ?" ಎಂದು ಮಾವನನ್ನೇ ಕೇಳಬೇಕೆ! ಮಾವ ಎಲ್ಲ ಕೋಣೆಗಳಿಗೂ ಹೋಗಿ ಬಂದು, ನೆರೆದವರ ಎದುರಿಗೆ, "ಬಚ್ಚಲಿನ ಇಳಿಜಾರು ಉಲ್ಟಾ ಇದೆ. ನೀರು ದೇವರಮನೆಗೆ ಬರುತ್ತೆ" ಎಂದರು. ಊಟದ ಪಂಕ್ತಿಯಲ್ಲಿ ಹೋಳಿಗೆ ನಮ್ಮಿಬ್ಬರ ಎಲೆಯನ್ನು ದಾಟಿಕೊಂಡು ಮುಂದೆ ಹೋಯಿತು. ಸ್ವಲ್ಪ ದಿನ ಕಳೆದ ಮೇಲೆ ನೀರು ನಿಜವಾಗಿಯೂ ದೇವರಮನೆಗೆ ಬಂತಂತೆ. ಆದರೆ ಆ ಸುದ್ದಿಯನ್ನು ನಮಗೆ ಹೇಳಿದ್ದು ಬೇರೆಯವರು. ಮನೆಯವರು ಮಾತು ಬಿಟ್ಟಿದ್ದರು. ಸತ್ಯ ಪಾಸಾಯಿತೋ ಫೇಲಾಯಿತೋ ಎಂಬ ಬಗ್ಗೆ ಮಾವನಿಗೇ ಗೊಂದಲ, ನನಗಂತೂ ಇನ್ನೂ ಬಗೆಹರಿದಿಲ್ಲ.

ಅವತ್ತು ಹೋಳಿಗೆ ತಪ್ಪಿದ ಸಿಟ್ಟಿನಲ್ಲಿ, ಸ್ಕೂಟರಿನ ಹಿಂದೆ ಕೂತು ನಾನು ಅಂದುಬಿಟ್ಟೆ. "ಯಾಕೆ ಮಾವ ಈ ಒದ್ದಾಟ? ಏನೋ ಒಂದು ಒಳ್ಳೇ ಮಾತು ಹೇಳ್ಬಿಡಿ ಅವಳಿಗೆ. ಅವಳೇನು ಅಳತೆ ತಗೋತಾಳಾ?"

ಮಾವ ಸ್ಕೂಟರನ್ನು ದೊಮ್ಮಲೂರು ಫ್ಲೈಓವರಿನ ಕೆಳಗೆ ನಿಲ್ಲಿಸಿದರು. ತಿರುಗಿ ನೋಡಲಿಲ್ಲ.

"ಏನೋ ಒಂದು ಹೇಳಿ, ಅವಳು ಅದನ್ನೇ ನಂಬ್ಕೊಂಡು, ನಾಳೆ ಅದು ಕೈಕೊಟ್ರೆ? ಆಗ ಏನು ಮಾಡ್ತಾಳೋ? ತಡ ಆಗ್ತಿದೆ ಕಣೋ. ಅವಳು ಕೇಳೋದನ್ನೇ ನಿಲ್ಸಿಬಿಟ್ರೆ ಅಂತ ನಂಗೆ ಭಯ."

ನಾನಾದರೂ ಯಾಕೆ ಬದುಕುತ್ತಿದ್ದೇನೆ ಎಂದು ಯೋಚಿಸಿದೆ. ಹೆಂಡತಿ, ಮನೆ ಸಾಲ, ಬೆಳಗಿನ ಕಾಫಿ ಇಷ್ಟೇ ಹೊಳೆಯಿತು, ಅದೂ ಯಾವುದು ಮೊದಲು ಎಂದು ಗೊತ್ತಾಗಲಿಲ್ಲ. ಮೇಲೆ ವಾಹನಗಳು ಗುಡುಗುತ್ತಿದ್ದವು. ಅಷ್ಟು ಜನ ಗೊತ್ತಿರುವವರ ಹಾಗೆ ಎಲ್ಲಿಗೆ ಹೋಗುತ್ತಾರಪ್ಪ ಎನಿಸಿತು.

ಕಳೆದ ವಾರ ಸಂಜೆ ಅವರ ಮನೆಗೆ ಹೋಗಿದ್ದೆ. ಮಾವ ಸೋಫಾದಲ್ಲಿ ಸುಮ್ಮನೆ ಕೂತಿದ್ದರು. ಎಲ್ಲ ಉತ್ತರಗಳೂ ಮುಗಿದಿದ್ದವು. ಕೋಣೆಯಿಂದ ನೀರಿಗೆಂದು ಬಂದ ಮಗಳು ಲೋಟ ಹಿಡಿದು ನಿಂತಳು.

"ಅಪ್ಪ, ಉತ್ತರ ಸಿಕ್ತಾ?"

ಮಾವ ತಲೆಯಾಡಿಸಿದರು.

"ಇಲ್ಲ ಪುಟ್ಟಿ. ಎಲ್ಲಾರ್ನೂ ಕೇಳ್ದೆ, ಎಲ್ಲಾನೂ ಮಾಡಿ ನೋಡ್ದೆ. ಯಾವ್ದೂ ನಿಂಗೆ ಕೊಡೋ ಹಾಗಿಲ್ಲ. ನಾನು ಇಷ್ಟು ವರ್ಷ ಹೇಗೆ ಬದುಕ್ದೆ ಅಂತಾನೇ ಗೊತ್ತಾಗ್ತಿಲ್ಲ. ಬೆಳಗ್ಗೆ ಫ್ಯಾಕ್ಟ್ರಿ ಬಸ್ಸಿಗೆ ಓಡ್ತಿದ್ದೆ. ಸಾಯಂಕಾಲ ಬಸ್ ಇಳ್ದಾಗ ನೀನು ಗೇಟ್ ಹತ್ತಿ ನಿಂತಿರ್ತಿದ್ದೆ. ನಂಗೆ ಖಾತ್ರಿಯಾಗಿ ಗೊತ್ತಿರೋದು ಅಷ್ಟೇ."

ಹೇಳುತ್ತಾ ಅವರ ದನಿ ಒಡೆಯಿತು. ಮಾವ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಇನ್ನೊಂದಿಷ್ಟು ದಿನ ಟೈಮ್ ಕೊಡ್ತೀಯಾ ಪುಟ್ಟಿ?" ಎಂದರು.

ಅವಳು ಲೋಟವನ್ನು ಕೆಳಗಿಟ್ಟು ಅಪ್ಪನ ಪಕ್ಕದಲ್ಲಿ ಕೂತಳು. ಆಮೇಲೆ ಮೆಲ್ಲಗೆ, "ನಿಧಾನವಾಗಿ ಹುಡುಕು ಅಪ್ಪ. ನಾನು ಇರ್ತೀನಿ" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಹೇಳದೆ ಕೇಳದೆ ಎದ್ದು ಹೊರಗೆ ಬಂದೆ. ಚಪ್ಪಲಿ ಮೆಟ್ಟಲು ಬಗ್ಗಿದವನಿಗೆ ಕಣ್ಣು ಮಂಜಾಗಿ ಎಡ ಯಾವುದು ಬಲ ಯಾವುದು ಎಂದೇ ಕಾಣಿಸಲಿಲ್ಲ.