ಇಕ್ಕೇರಿಯ ಎರಡು ಕಂಬಗಳ ನಡುವೆ

ಏನನ್ನಾದರೂ ನೋಡಿ ಬರೋಣವೆಂದು ನಾನು ಹೊರಟಾಗಲೆಲ್ಲ ನೋಡುವುದು ಹಿಂದೆ ಬಿದ್ದು ತಿನ್ನುವುದು ಮುಂದೆ ಬರುತ್ತದೆ. ಇದು ಶುರುವಾದದ್ದು ಅರವತ್ತರ ದಶಕದಲ್ಲಿ, ನಾನು ಸಾಗರದಲ್ಲಿ ರೂಮು ಮಾಡಿಕೊಂಡು ಬಿ.ಎ. ಓದುತ್ತಿದ್ದೇನೆಂದು ಮನೆಯವರು ನಂಬಿದ್ದ ಕಾಲದಲ್ಲಿ.

ಚರಿತ್ರೆಯ ಮೇಷ್ಟ್ರು ತೀರ್ಥಹಳ್ಳಿ ಕಡೆಯವರು. ಒಂದು ಶುಕ್ರವಾರ ನನ್ನನ್ನು ಕರೆದರು. "ನಿನ್ನ ಮುಖ ಕ್ಲಾಸಿಗಿಂತ ಹೋಟ್ಲಲ್ಲೇ ಜಾಸ್ತಿ ನೋಡಿದ್ದೀನಿ. ಈ ಹಾಜರೀಲಿ ಪರೀಕ್ಷೆಗೆ ಕೂರ್ಸೋಕಾಗಲ್ಲ. ಶನಿವಾರ, ಭಾನುವಾರ ಇಕ್ಕೇರಿ, ಕೆಳದಿ ನೋಡ್ಕೊಂಡು ಬಾ. ಇಕ್ಕೇರಿ ದೇವಸ್ಥಾನದ ಎರಡು ನಡುಗಂಬದ ಮಧ್ಯೆ ಎಷ್ಟು ಅಂತರ ಅಂತ ಸೋಮವಾರ ಹೇಳು. ಹೇಳಿದ್ರೆ ಹಾಜರಿ, ಇಲ್ದಿದ್ರೆ ನಿನ್ನ ಅಪ್ಪನಿಗೆ ಕಾಗದ."

ಆ ಕಾಗದ ಹೋದರೆ ಓದು ಅಲ್ಲಿಗೆ ಮುಗಿದು, ಹೊಸನಗರದ ಚಿಕ್ಕಪ್ಪನ ಜವಳಿ ಅಂಗಡಿಯಲ್ಲಿ ಬಟ್ಟೆ ಹರಿಯುವ ಕೆಲಸ ಗ್ಯಾರಂಟಿ. ನಿಜಕ್ಕೂ ಹೆದರಿದೆ. ದರ್ಜಿಯಿಂದ ಟೇಪು ಕೇಳಿ ತಂದು, ಮಂಡ್ಯ ಕಡೆಯ ರೂಮಿನ ಗೆಳೆಯನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆ.

ಖಾಲಿ ಪೊಟ್ಟಣ

ಹಸಿದ ಹೊಟ್ಟೆಯಲ್ಲಿ ಚರಿತ್ರೆ ನೋಡಬಾರದೆಂದು ಮೊದಲು ಪೇಟೆಯ ಹೋಟೆಲಿಗೆ ನುಗ್ಗಿದೆವು. ಅಲ್ಲಿ ತೊಡೆದೇವು ಇತ್ತು. ಮಡಕೆಯ ಬೆನ್ನಿಗೆ ಬಳಿದು ತೆಗೆಯುವ, ಕಾಗದದಷ್ಟು ತೆಳ್ಳಗಿನ ಸಿಹಿ, ಮಡಿಸಿ ಕೊಡುತ್ತಾರೆ. ಗೆಳೆಯ ಅದನ್ನು ಜನ್ಮದಲ್ಲಿ ನೋಡಿದವನಲ್ಲ. ಹುಷಾರಾಗಿ ಬಿಚ್ಚಿದ. ಒಳಗೆ ನೋಡಿದ. ತಿರುಗಿಸಿ ನೋಡಿದ. ಆಮೇಲೆ ಹೋಟೆಲಿನ ಭಟ್ಟರ ಹತ್ತಿರ ಹೋಗಿ ಗುರುಗುಟ್ಟಿದ.

"ಏನ್ ಸ್ವಾಮಿ, ಬರೀ ಪೊಟ್ಣ ಕೊಟ್ಟಿದ್ದೀರಲ್ಲ, ಒಳಗಿಂದು ಎಲ್ಲಿ?"

"ಮೊದ್ಲು ಪೊಟ್ಣ ತಿನ್ನಿ ಮಾರಾಯ್ರೆ. ಆಮೇಲೂ ಒಳಗಿಂದು ಬೇಕು ಅನ್ಸಿದ್ರೆ ಹೇಳಿ."

ಅವನು ಆರು ಪೊಟ್ಟಣ ತಿಂದ. ಒಳಗಿನದರ ಮಾತೆತ್ತಲಿಲ್ಲ.

ಎಲೆಗೆ ಅಡ್ಡ ಹಿಡಿದ ಕೈ

ಇಕ್ಕೇರಿ ಮುಟ್ಟಿದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ದೇವಸ್ಥಾನದ ದಾರಿಯಲ್ಲೇ ಒಂದು ಮನೆ. ಜಗಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತಿದ್ದ ಯಜಮಾನರು ನನ್ನ ಕುತ್ತಿಗೆಯ ಟೇಪು ನೋಡಿ ಎದ್ದು ನಿಂತರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರೂರೇ ಮುಳುಗಿದ ಕಾಲ ಅದು; ಟೇಪು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತಿತ್ತು.

"ಮುಳುಗಡೆ ಸರ್ವೆಯವ್ರಾ? ನೀರು ಇಲ್ಲಿಗೂ ಬರ್ತದಾ?"

"ಇಲ್ಲ, ನಾವು ಸ್ಟೂಡೆಂಟ್ಸು. ಕಂಬ ಅಳೆಯೋಕೆ ಬಂದಿದ್ದು."

ಅವರಿಗೆ ಹೋದ ಜೀವ ಬಂದಂತಾಯಿತು. ಒಳಗೆ ತಮ್ಮ ಮನೆಮಾತಿನಲ್ಲಿ ಕೂಗಿದರು: "ಊಟಕ್ಕೆ ಇನ್ನಿಬ್ರು ಇದ್ದ!" ನಮ್ಮ ಕಡೆ ತಿರುಗಿ, "ಕಂಬ ಎಲ್ಲಿಗೂ ಹೋಗೂದಿಲ್ಲ. ಉಂಡ್ಕಂಡು ಹೋಗಿ" ಎಂದರು.

ಬಾಳೆಲೆಗೆ ಮೊದಲು ಅನ್ನ, ತಂಬುಳಿ ಬಂತು. ಊಟವೆಂದರೆ ಇಷ್ಟೇ ಎಂದುಕೊಂಡು ಗೆಳೆಯ ಮೂರು ಸಲ ಹಾಕಿಸಿಕೊಂಡ. ಬೆರಳು ಚೀಪಿ ಏಳುವ ಹೊತ್ತಿಗೆ ಸಾರು ಬಂತು. ಆಮೇಲೆ ಹುಳಿ, ಆಮೇಲೆ ಮಾವಿನಕಾಯಿಯ ಅಪ್ಪೆಹುಳಿ, ಪ್ರತಿಯೊಂದಕ್ಕೂ ಹೊಸ ಅನ್ನ. ಆಮೇಲೆ ಹೋಳಿಗೆ. ಅವನು ಎರಡೂ ಕೈ ಎಲೆಗೆ ಅಡ್ಡ ಹಿಡಿದರೆ, ಬಡಿಸುತ್ತಿದ್ದ ಅಮ್ಮ "ನಾಚ್ಕೆ ಬೇಡ" ಎಂದು ಬೆರಳ ಸಂದಿಯಲ್ಲೇ ತುಪ್ಪ ಬಿಟ್ಟರು. ಮಜ್ಜಿಗೆ ಬರುವ ಹೊತ್ತಿಗೆ ಅವನ ಕಣ್ಣಲ್ಲಿ ನೀರು.

"ಪಾಪ, ಮನೆ ನೆನಪಾಯ್ತು ಕಾಣ್ತದೆ," ಎಂದು ಅಮ್ಮ ಇನ್ನೆರಡು ಹೋಳಿಗೆ ಹಾಕಿದರು.

ಜಗಲಿಯಲ್ಲಿ ಚಾಪೆ ಹಾಸಿತ್ತು. ಐದು ನಿಮಿಷವೆಂದು ಒರಗಿದೆವು. ಎದ್ದಾಗ ಸೂರ್ಯ ಇಳಿದಿದ್ದ, ಗುಡಿಯ ಬಾಗಿಲು ಹಾಕಿತ್ತು. ಯಜಮಾನರು ಸಮಾಧಾನ ಹೇಳಿದರು: "ನಾಳೆ ಊಟಕ್ಕೆ ಬನ್ನಿ. ಅಳೆದ್ರಾಯ್ತು."

ಅಂಗಾತ ಮಲಗಿದವನು

ಭಾನುವಾರ ಬೆಳಿಗ್ಗೆ ಕೆಳದಿ ಮುಗಿಸಿ, ಊಟದ ಹೊತ್ತು ತಪ್ಪಿಸಿಕೊಂಡು ಇಕ್ಕೇರಿಗೆ ನುಸುಳುವುದೆಂದು ತೀರ್ಮಾನಿಸಿದೆವು. ಕೆಳದಿಯ ಗುಡಿಯ ಒಳಚಾವಣಿಯಲ್ಲಿ ಗಂಡಭೇರುಂಡ ಕೆತ್ತಿದ್ದಾರೆ. ಕತ್ತೆತ್ತಿ ಸಾಕಾಗಿ ಗೆಳೆಯ ಕೆಳಗೆ ಅಂಗಾತ ಮಲಗಿ ನೋಡತೊಡಗಿದ. ಪೂಜೆಗೆ ಬಂದಿದ್ದ ಇಬ್ಬರು ಹೆಂಗಸರು ಕಂಡರು.

"ಅಯ್ಯೋ, ಹಸ್ಕಂಡು ಬಿದ್ದಾನೆ ಕಣೇ!"

ಒಬ್ಬಳು ಓಡಿಹೋಗಿ ಅವಲಕ್ಕಿ, ಮೊಸರು, ಬಾಳೆಹಣ್ಣು ತಂದಳು. "ನಂಗೆ ಹಸಿವಿಲ್ಲಮ್ಮ, ಮೇಲೆ ಹಕ್ಕಿ ನೋಡ್ತಿದ್ದೆ, ಎರಡು ತಲೆ ಇತ್ತು" ಎಂದ ಗೆಳೆಯ.

"ಒಂದು ಎರಡಾಗಿ ಕಾಣ್ತಾ ಐತೆ ಪಾಪ," ಎಂದು ಅವಳು ಇನ್ನೊಂದು ಬೊಗಸೆ ಅವಲಕ್ಕಿ ಸುರಿದಳು.

ಕಲ್ಲಿನ ಕಂಬ

ಅಷ್ಟು ತಿಂದವನನ್ನು ಹೊತ್ತು ಸೈಕಲ್ಲು ಇಕ್ಕೇರಿಗೆ ಹೋಗುವುದುಂಟೇ? ನೂಕಿಕೊಂಡು ಸಾಗರ ಸೇರುವಾಗ ಸಂಜೆ. ಹೋಟೆಲಿನ ಭಟ್ಟರ ಮುಂದೆ ಗೋಳು ತೋಡಿಕೊಂಡೆ.

"ಅದಾ? ಹದಿನೆಂಟೂವರೆ ಅಡಿ. ಆ ಕಂಬದ ಅಳತೆಯಲ್ಲೇ ಕೋಲು ಮಾಡ್ಕಂಡು ನಮ್ಮಜ್ಜ ತೋಟ ಅಳೀತಿದ್ದದ್ದು. ಈ ಸೀಮೇಲಿ ಯಾರಿಗೆ ಗೊತ್ತಿಲ್ಲ?"

ಸೋಮವಾರ ಕ್ಲಾಸಿನಲ್ಲಿ ಎದೆ ಉಬ್ಬಿಸಿ ಹೇಳಿದೆ. "ಹದಿನೆಂಟೂವರೆ ಅಡಿ, ಸಾರ್."

"ಕಣ್ಣಾರೆ ಕಂಡ್ಯಾ? ಕಂಬ ಹೇಗಿದಾವೆ?"

"ಕಲ್ಲಿನವು, ಸಾರ್. ನಿಂತಿದಾವೆ."

ಇಡೀ ಕ್ಲಾಸು ನಕ್ಕಿತು. ನನಗೆ ಜವಳಿ ಅಂಗಡಿ ಕಣ್ಣಿಗೆ ಕಟ್ಟಿತು. ಮೇಷ್ಟ್ರು ಮಾತ್ರ ನಗದೆ ನನ್ನನ್ನು ಮೇಜಿನ ಹತ್ತಿರ ಕರೆದು ದನಿ ತಗ್ಗಿಸಿದರು.

"ದಾರಿಯ ಆ ಮನೇಲಿ ಊಟ ಹಾಕಿದ್ರಾ?"

"ಹಾಕಿದ್ರು, ಸಾರ್."

"ಹೋಳಿಗೆ?"

"ಬೇಡ ಅಂದ್ರೂ ಬಿಡ್ಲಿಲ್ಲ, ಸಾರ್."

"ಜಗಲೀಲಿ ಚಾಪೆ?"

ತಲೆ ತಗ್ಗಿಸಿದೆ. ಮೇಷ್ಟ್ರು ಪುಸ್ತಕ ತೆರೆದು ಸರಸರನೆ ನನ್ನ ಹಾಜರಿ ತುಂಬಿದರು. ಆಮೇಲೆ ಇನ್ನಷ್ಟು ಹತ್ತಿರ ಬಾಗಿ ಹೇಳಿದರು:

"ಮೂರು ಸಲ ಹೋಗಿದ್ದೀನಿ ಕಣೋ. ನೀನಾದ್ರೂ ಎಚ್ಚರವಾಗಿದ್ದು ನೋಡ್ಕೊಂಡು ಬರ್ತೀಯ ಅಂದ್ಕೊಂಡಿದ್ದೆ."